ಮೀನಿನ ತೊಟ್ಟಿಯ ನೀರಿನಲ್ಲಿ ಆಮ್ಲ ಕ್ಷಾರಗಳ ವಿಚಾರ

ಪೋಷಕರ ದಿನದಂದು ನಮ್ಮ ವಿಜ್ಞಾನದ ಕೊಠಡಿಗೆ ಬರುವ ತಾಯಂದಿರಲ್ಲಿ ಹಲವರು, ಕಿಟಕಿಯ ಪಕ್ಕದಲ್ಲಿರುವ ಗಾಜಿನ ತೊಟ್ಟಿಯ ಮುಂದೆ ನಿಂತು, ಒಳಗೆ ಓಡಾಡುವ ಮೀನುಗಳನ್ನು ನೋಡಿ ಸಂತೋಷಪಟ್ಟ ಮೇಲೆ ನನ್ನನ್ನು ಒಂದೇ ಪ್ರಶ್ನೆ ಕೇಳುವುದುಂಟು. "ಅಮ್ಮನವರೇ, ಮಗು ಹಟ ಹಿಡಿದಳೆಂದು ನಾವೂ ಮೀನು ತಂದಿಟ್ಟೆವು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಹೊತ್ತುಹೊತ್ತಿಗೆ ಆಹಾರ ಹಾಕಿದೆವು. ಆದರೂ ಹದಿನೈದು ದಿನಗಳೊಳಗೆ ಒಂದೊಂದಾಗಿ ಎಲ್ಲವೂ ಸತ್ತುಹೋದವು. ಇದಕ್ಕೆ ಕಾರಣವೇನು?" ಈಗ ಬೇರೆ ಬೇರೆ ಊರುಗಳಲ್ಲಿ ಸಂಸಾರವಂದಿಗರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದಲೂ ಇದೇ ಪ್ರಶ್ನೆ ಬಂದಿರುವುದು. ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸತಕ್ಕ ವಿಷಯವಲ್ಲವಾದುದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಮನಸ್ಸು ಮಾಡಿದ್ದೇನೆ. ಬರೆಯುವುದಕ್ಕೆ ನನಗೆ ಇನ್ನೊಂದು ಕಾರಣವೂ ಇದೆ. ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವಳಲ್ಲ, ತಪ್ಪಿನಿಂದ ಕಲಿತವಳು. ಆ ತಪ್ಪಿನ ಭಾರವನ್ನು ನನಗಿಂತ ಮೊದಲು ಒಬ್ಬ ಹುಡುಗಿ ಹೊರಬೇಕಾಯಿತು.

2022ನೆಯ ಇಸವಿಯ ಬೇಸಿಗೆಯ ರಜೆ. ನಮ್ಮ ತೊಟ್ಟಿಯು ಸುಮಾರು 80 ಲೀಟರು ನೀರು ಹಿಡಿಯುವಂಥದು. ಅದರಲ್ಲಿ ಆಗ ಹನ್ನೊಂದು ಟೆಟ್ರಾ ಮೀನುಗಳೂ ನಾಲ್ಕು ಗೌರಾಮಿ ಮೀನುಗಳೂ ಇದ್ದುವು. ಶಾಲೆಯ ಛಾವಣಿಯಿಂದ ಹಿಡಿದಿಟ್ಟ ಮಳೆಯ ನೀರನ್ನೇ ಮೊದಲಿನಿಂದಲೂ ಅದಕ್ಕೆ ತುಂಬುತ್ತಿದ್ದೆವು. ರಜೆಯಲ್ಲಿ ಮೀನುಗಳನ್ನು ನೋಡಿಕೊಳ್ಳುವ ಕೆಲಸ ನಮ್ಮ ಜವಾನನ ಪಾಲಿಗೆ ಬಂತು. ಆತನು ಬಹಳ ಮರುಕದ ಮನುಷ್ಯ. ಮಕ್ಕಳಿಲ್ಲದೆ ಅವುಗಳಿಗೆ ಬೇಸರವಾದೀತೆಂದು ದಿನಕ್ಕೆ ಎರಡು ಸಲ ಕೈತುಂಬ ಆಹಾರ ಹಾಕಿ, ಆರಿಹೋದಷ್ಟು ನೀರನ್ನು ಮಾತ್ರ ಮಳೆನೀರಿನ ಟಾಂಕಿಯಿಂದ ತಂದು ತುಂಬುತ್ತಿದ್ದನು. ಹಳೆಯ ನೀರನ್ನು ತೆಗೆಯುವ ಕ್ರಮವನ್ನು ಆತನಿಗೆ ನಾವು ಯಾರೂ ಹೇಳಿರಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ ನಾನು ಬಂದು ನೋಡುವಾಗ ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಆದರೆ ಹದಿನೈದು ಮೀನುಗಳೂ ಜೀವದಿಂದಿದ್ದುವು. ಹೊಸ ವರ್ಷದ ಮೊದಲನೆಯ ದಿನ ತೊಟ್ಟಿ ಹೊಲಸಾಗಿ ಕಾಣಬಾರದೆಂದು, ಅದರ ಮೇಲ್ವಿಚಾರಣೆ ವಹಿಸಿದ್ದ ಹತ್ತನೆಯ ತರಗತಿಯ ವಸತಿಗೃಹದ ಹುಡುಗಿಯೊಬ್ಬಳನ್ನು ಕರೆದು, ಅರ್ಧ ನೀರನ್ನು ತೆಗೆದು ಹೊಸ ನೀರು ತುಂಬಿಸಬೇಕೆಂದು ಅಪ್ಪಣೆ ಮಾಡಿದೆನು. ಮಳೆನೀರಿನ ಟಾಂಕಿ ಬರಿದಾಗಿತ್ತು. "ಮೇಡಂ, ಕೊಳವೆಬಾವಿಯ ನೀರು ಹಾಕಬಹುದೇ?" ಎಂದು ಆಕೆ ಕೇಳಿದಳು. "ನಾವು ಕುಡಿಯುವ ನೀರು ಮೀನಿಗೆ ಆಗದೇನಮ್ಮಾ?" ಎಂದೆನು.

ಮರುದಿನ ಬೆಳಿಗ್ಗೆ ಹನ್ನೆರಡು ಮೀನುಗಳು ಸತ್ತು ತೇಲುತ್ತಿದ್ದುವು. ಮೂರು ಗೌರಾಮಿಗಳು ಮಾತ್ರ ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದುಕೊಂಡು ಉಳಿದಿದ್ದುವು. ಆ ಹುಡುಗಿಯು ಬಕೆಟ್ಟನ್ನು ಸೋಪಿನಿಂದ ತೊಳೆದು ಚೆನ್ನಾಗಿ ಜಾಲಿಸದೆ ಬಿಟ್ಟಿರಬೇಕೆಂದು ನಾನು ನಿಶ್ಚಯಿಸಿದೆನು; ನಿಶ್ಚಯಿಸಿದುದನ್ನು ಆಕೆಯ ತರಗತಿಯವರೆಲ್ಲರ ಮುಂದೆ ಹೇಳಿಯೂ ಬಿಟ್ಟೆನು. ಆಕೆ ಅಳಲಿಲ್ಲ, ಎದುರು ಮಾತಾಡಲಿಲ್ಲ. ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಒಂದು ಚಿಕ್ಕ ಪುಸ್ತಕ ಹಿಡಿದು ನಿಂತಿದ್ದಳು. ಆ ಪುಸ್ತಕದಲ್ಲಿದ್ದುದು ತಿಳಿಯಬೇಕಾದರೆ ವಾಚಕರು ಮೊದಲು ಪಿಎಚ್ ಎಂದರೇನೆಂಬುದನ್ನು ಕೇಳುವ ತಾಳ್ಮೆ ವಹಿಸಬೇಕು.

ನಿಂಬೆಹಣ್ಣು, ಹುಣಿಸೆಹಣ್ಣು, ಮಜ್ಜಿಗೆ ಇವುಗಳ ಹುಳಿಗೆ ಕಾರಣವಾದುದನ್ನು ಆಮ್ಲವೆಂದೂ, ಸುಣ್ಣದ ತಿಳಿ, ಸೋಪಿನ ನೀರು, ಅಡುಗೆ ಸೋಡಾ ಇವುಗಳ ಗುಣವನ್ನು ಕ್ಷಾರವೆಂದೂ ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಒಂದು ದ್ರವವು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದನ್ನು ಅಂಕೆಯಲ್ಲಿ ಹೇಳುವ ಕ್ರಮವನ್ನು 1909ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್‌ಸೆನ್ ಎಂಬ ರಸಾಯನ ಶಾಸ್ತ್ರಜ್ಞನು ಏರ್ಪಡಿಸಿದನು. ನೀರಿನಲ್ಲಿ ಬಿಡಿಯಾಗಿ ಓಡಾಡುವ ಜಲಜನಕದ ವಿದ್ಯುತ್ಕಣಗಳು ಎಷ್ಟಿವೆಯೆಂಬುದೇ ಈ ಅಳತೆ. ಅದರ ಮೆಟ್ಟಲುಗಳನ್ನು ಸಾಮಾನ್ಯವಾಗಿ 0 ಯಿಂದ 14ರ ವರೆಗೆ ಎಣಿಸುವರು. ನಡುವಣ 7 ಎಂಬುದು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸಮಸ್ಥಿತಿ. ಅದಕ್ಕಿಂತ ಕೆಳಗಿನವು ಆಮ್ಲ, ಮೇಲಿನವು ಕ್ಷಾರ. ನಿಂಬೆಯ ರಸವು 2ರಿಂದ 2.5, ಮೊಸರು 4ರ ಮೇಲೆ ಕೆಳಗೆ, ಹಾಲು 6.5ರ ಸುತ್ತಮುತ್ತ, ನಮ್ಮ ದೇಹದ ರಕ್ತವು 7.35ರಿಂದ 7.45, ಸಮುದ್ರದ ನೀರು 8.1ರ ಸಮೀಪ, ಸುಣ್ಣದ ತಿಳಿ 12ಕ್ಕಿಂತಲೂ ಮೇಲೆ.

ಇಲ್ಲಿ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುವ ಒಂದು ಸ್ಥಳವಿದೆ. ಈ ಮೆಟ್ಟಲುಗಳು ಅಳತೆಗೋಲಿನ ಅಂಗುಲಗಳ ಹಾಗೆ ಸಮವಾದುವಲ್ಲ. ಒಂದು ಮೆಟ್ಟಲು ಇಳಿದರೆ ಆಮ್ಲಾಂಶವು ಹತ್ತುಪಾಲು ಹೆಚ್ಚುವುದು. ಎರಡು ಮೆಟ್ಟಲು ಇಳಿದರೆ ನೂರು ಪಾಲು. ಮೂರು ಇಳಿದರೆ ಸಾವಿರ ಪಾಲು. ಪಿಎಚ್ 8ರ ನೀರಿಗೂ 6ರ ನೀರಿಗೂ ಇರುವ ಅಂತರವನ್ನು "ಎರಡೇ ತಾನೇ" ಎನ್ನುವವರು ಎರಡು ರೂಪಾಯಿಗೂ ಇನ್ನೂರು ರೂಪಾಯಿಗೂ ವ್ಯತ್ಯಾಸವಿಲ್ಲವೆಂದಂತೆಯೇ ಸರಿ. ನಮ್ಮ ನಾಲಿಗೆಗೆ ಈ ಭೇದವು ತಿಳಿಯದು. ಕುಡಿಯುವ ನೀರು 6.5ರಿಂದ 8.5ರ ಒಳಗೆ ಇರಬಹುದೆಂದು ಭಾರತೀಯ ಮಾನಕ ಬ್ಯೂರೋದವರ 2012ರ ಮಾನಕವು ಹೇಳುವುದು. ಆ ಎರಡು ತುದಿಗಳ ನೀರನ್ನೂ ನಾವು ಸುಖವಾಗಿ ಕುಡಿಯುವೆವು. ಮೀನು ನೀರನ್ನು ಕುಡಿಯುವುದು ಮಾತ್ರವಲ್ಲ, ಅದರಲ್ಲಿಯೇ ಉಸಿರಾಡುವುದು. ಅದರ ಕಿವಿರಿನ ಪೊರೆ ಈರುಳ್ಳಿಯ ಸಿಪ್ಪೆಗಿಂತಲೂ ತೆಳ್ಳಗಿರುವುದು. "ನಾವು ಕುಡಿಯುವ ನೀರು ಮೀನಿಗೆ ಆಗದೇ" ಎಂಬ ನನ್ನ ಮಾತಿನಲ್ಲಿದ್ದ ಅಜ್ಞಾನವು ಇಷ್ಟು.

ಅಳೆಯುವ ಕ್ರಮಕ್ಕೆ ಬರೋಣ. ಆಮ್ಲ ಕ್ಷಾರಗಳನ್ನು ಬಣ್ಣದಿಂದ ಗುರುತಿಸುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಅರಿಸಿನಕ್ಕೆ ಸುಣ್ಣ ತಗಲಿದರೆ ಕೆಂಪಾಗುವುದನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು; ಕುಂಕುಮವನ್ನು ಮಾಡುವ ಹಳೆಯ ರೀತಿಯೇ ಅದು. ಶಂಖಪುಷ್ಪವನ್ನು ಬಿಸಿನೀರಿನಲ್ಲಿ ಹಾಕಿ ನೀಲಿಯ ರಸ ತೆಗೆದು ನಾಲ್ಕು ಲೋಟಗಳಿಗೆ ಹಂಚಿ, ಒಂದಕ್ಕೆ ನಿಂಬೆಯ ರಸ, ಇನ್ನೊಂದಕ್ಕೆ ಅಡುಗೆ ಸೋಡಾ, ಮತ್ತೊಂದಕ್ಕೆ ಸುಣ್ಣದ ತಿಳಿ ಹಾಕಿ ನೋಡಿರಿ. ನೇರಳೆಗೆಂಪಿನಿಂದ ಹಸುರಿನವರೆಗೆ ಬಣ್ಣಗಳು ಮೂಡುವುವು. ದಾಸವಾಳದ ಹೂವಿನಿಂದಲೂ ಇದನ್ನು ಮಾಡಬಹುದು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಯು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದುದೂ ಇಂಥ ಹೂವಿನ ರಸದ ಪರೀಕ್ಷೆಯನ್ನೇ. ಮಕ್ಕಳಿಗೆ ಇದಕ್ಕಿಂತ ಸುಲಭವಾದ, ಖರ್ಚಿಲ್ಲದ ರಸಾಯನ ಪಾಠ ಬೇರೊಂದಿಲ್ಲ. ಆದರೆ ಮೀನಿನ ತೊಟ್ಟಿಗೆ ಇದು ಸಾಲದು. ಅಲ್ಲಿ ನಮಗೆ ಬೇಕಾದುದು 6ರಿಂದ 8.5ರ ನಡುವಣ ಸೂಕ್ಷ್ಮವಾದ ಭೇದ. ಮೀನಿನ ಅಂಗಡಿಗಳಲ್ಲಿ ಸಿಕ್ಕುವ ಹನಿಯ ಔಷಧವು ಕಾಗದದ ಪಟ್ಟಿಗಿಂತ ಹೆಚ್ಚು ನಂಬಿಕೆಗೆ ಯೋಗ್ಯವಾದುದು. ಪೆನ್ನಿನ ಆಕಾರದ ವಿದ್ಯುತ್ ಮಾಪಕಗಳೂ ಈಗ ದೊರೆಯುತ್ತವೆ. ಆದರೆ ಅವುಗಳನ್ನು ಆಗಾಗ್ಗೆ ಗೊತ್ತಾದ ದ್ರಾವಣದಲ್ಲಿ ಅದ್ದಿ ಸರಿಪಡಿಸಿಕೊಳ್ಳದಿದ್ದರೆ ಅವು ಧೈರ್ಯವಾಗಿ ಸುಳ್ಳು ಹೇಳುವುವು.

ಅಳತೆಯು ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಏಕೆಂದರೆ ಒಂದೇ ತೊಟ್ಟಿಯ ಪಿಎಚ್ ದಿನವಿಡೀ ಒಂದೇ ಸಮನಾಗಿ ಇರುವುದಿಲ್ಲ. ಮೀನುಗಳೂ ಗಿಡಗಳೂ ಉಸಿರಾಡುವಾಗ ಇಂಗಾಲಾಮ್ಲ ವಾಯುವನ್ನು ಬಿಡುವುವು. ಅದು ನೀರಿನಲ್ಲಿ ಕರಗಿ ಮೆಲ್ಲಗಿನ ಆಮ್ಲವಾಗುವುದು. ಶುದ್ಧವಾದ ಮಳೆಯ ನೀರೂ ಗಾಳಿಯಲ್ಲಿರುವ ಈ ವಾಯುವನ್ನು ಹೀರಿಕೊಂಡೇ 5.6ರಷ್ಟಕ್ಕೆ ಇಳಿದಿರುವುದು. ಹಗಲಿನ ಬೆಳಕಿನಲ್ಲಿ ಗಿಡಗಳು ಇಂಗಾಲಾಮ್ಲವನ್ನು ಆಹಾರಕ್ಕಾಗಿ ತೆಗೆದುಕೊಳ್ಳುವುದರಿಂದ ಪಿಎಚ್ ಏರುವುದು. ರಾತ್ರಿಯಲ್ಲಿ ತೆಗೆದುಕೊಳ್ಳುವವರಿಲ್ಲದೆ ಇಳಿಯುವುದು. ನಮ್ಮ ವಸತಿಗೃಹದ ಹುಡುಗಿಯರು ಒಂದು ವಾರ ಬೆಳಗಿನ ಪ್ರಾರ್ಥನೆಗೆ ಮುಂಚೆ ಆರು ಗಂಟೆಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಅಳೆದು ನೋಡಿದಾಗ 7.2ಕ್ಕೂ 7.8ಕ್ಕೂ ನಡುವೆ ನೀರು ಏರಿಳಿಯುತ್ತಿದ್ದುದು ಕಂಡುಬಂತು. ಆದುದರಿಂದ ಅಳೆಯುವವರು ದಿನವೂ ಒಂದೇ ಹೊತ್ತಿನಲ್ಲಿ ಅಳೆಯತಕ್ಕದ್ದು. ನೆಲದಾಳದಿಂದ ಆಗತಾನೇ ಎತ್ತಿದ ಕೊಳವೆಬಾವಿಯ ನೀರಿನಲ್ಲಿಯೂ ಈ ವಾಯುವು ಹೆಚ್ಚಾಗಿ ಕರಗಿರುವುದುಂಟು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗಿ, ನಿನ್ನೆ 7 ತೋರಿಸಿದ ನೀರು ಇಂದು 8 ತೋರಿಸಬಹುದು. ಎರಡನೆಯ ದಿನದ ಅಂಕೆಯೇ ಆ ನೀರಿನ ನಿಜವಾದ ಗುಣ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ನೀರಿನ ತಡೆಯುವ ಶಕ್ತಿ. ಸುಣ್ಣಕಲ್ಲಿನ ಸಂಬಂಧವಿರುವ ನೆಲದಿಂದ ಬಂದ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಲವಣಾಂಶವಿರುವುದು. ನೀರಿನಲ್ಲಿ ಆಮ್ಲವು ಹುಟ್ಟಿದಾಗಲೆಲ್ಲ ಈ ಅಂಶವು ಮುಂದೆ ಬಂದು ಅದನ್ನು ನುಂಗಿ ತಾನೂ ಕಳೆದುಹೋಗುವುದು. ಮನೆಯಲ್ಲಿ ಕೂಡಿಟ್ಟ ಹಣವಿರುವವರೆಗೆ ಸಣ್ಣಪುಟ್ಟ ಖರ್ಚುಗಳು ಹೇಗೆ ಕಾಣುವುದಿಲ್ಲವೋ ಹಾಗೆಯೇ ಈ ಅಂಶವಿರುವವರೆಗೆ ಪಿಎಚ್ ಅಲುಗುವುದಿಲ್ಲ. ಅದು ತೀರಿದ ದಿನ ಒಮ್ಮೆಲೇ ಕುಸಿಯುವುದು. ಇದನ್ನು ಅಳೆಯುವುದಕ್ಕೂ ಹನಿಯ ಔಷಧವಿದೆ. 5 ಮಿಲಿಲೀಟರು ನೀರಿಗೆ ಒಂದೊಂದೇ ಹನಿ ಹಾಕುತ್ತ, ನೀಲಿಯು ಹಳದಿಯಾಗುವವರೆಗೆ ಎಣಿಸಬೇಕು. ಸಾಮಾನ್ಯವಾಗಿ ಒಂದು ಹನಿಗೆ ಒಂದು ಡಿಗ್ರಿಯೆಂದು ಲೆಕ್ಕ. ನಾಲ್ಕು ಡಿಗ್ರಿಗಿಂತ ಕಡಿಮೆಯಿದ್ದರೆ ಎಚ್ಚರದಿಂದಿರಬೇಕು. ಮಳೆಯ ನೀರಿನಲ್ಲಿ ಈ ಶಕ್ತಿ ಇಲ್ಲವೆಂದೇ ಹೇಳಬಹುದು. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳ ನೀರೂ ಮೆದುವಾಗಿ ತುಸು ಆಮ್ಲದ ಕಡೆಗೆ ಇರುವುದು. ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಬೇಳೆ ಬೇಯದು, ಸೋಪು ನೊರೆ ಬಾರದು, ಪಾತ್ರೆಗೆ ಬಿಳಿಯ ಪೊರೆ ಕಟ್ಟುವುದು ಎಂದು ಗೃಹಿಣಿಯರು ಬೇಸರಪಡುವ ನೀರೇ ಇದು.

ಈಗ ಅಮೋನಿಯದ ವಿಚಾರ. ಮೀನು ತಿಂದ ಆಹಾರದ ಸಾರಜನಕಾಂಶವು ಅದರ ಕಿವಿರಿನ ಮೂಲಕ ಅಮೋನಿಯವಾಗಿ ನೀರಿಗೆ ಸೇರುವುದು. ತಿನ್ನದೆ ಉಳಿದ ಆಹಾರವು ಕೊಳೆತರೂ ಅದೇ. ತೊಟ್ಟಿಯ ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ಬೆಳೆದಿರುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಹೆಚ್ಚು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು. ಮೊದಲನೆಯ ದಿನವೇ ಹತ್ತು ಮೀನು ತಂದು ಬಿಟ್ಟವರ ಮನೆಯಲ್ಲಿ ಹದಿನೈದು ದಿನಗಳೊಳಗೆ ಅವು ಸಾಯುವುದಕ್ಕೆ ಬಹಳ ಮಟ್ಟಿಗೆ ಇದೇ ಕಾರಣ. ತಾಯಂದಿರ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿಯೇ ಇದೆ.

ಈ ಸೂಕ್ಷ್ಮಜೀವಿಗಳ ಕೆಲಸದಿಂದ ಆಮ್ಲವೂ ಹುಟ್ಟುವುದು. ಆ ಆಮ್ಲವು ಬೈಕಾರ್ಬೊನೇಟನ್ನು ದಿನದಿನವೂ ಸವೆಸುವುದು. ನೀರನ್ನು ಬದಲಿಸದೆ ಬರಿದೇ ತುಂಬುತ್ತ ಹೋದರೆ ಕೂಡಿಟ್ಟ ಗಂಟು ಕರಗಿ ಪಿಎಚ್ ಇಳಿಯುವುದು. 6ರ ಸಮೀಪಕ್ಕೆ ಬಂದಾಗ ಆ ಜೀವಿಗಳು ತಾವೇ ಕೆಲಸ ನಿಲ್ಲಿಸಿಬಿಡುವುವು. ಆಗ ಅಮೋನಿಯವು ರಾಶಿ ಬೀಳುವುದು. ಆದರೂ ಮೀನುಗಳು ಸಾಯುವುದಿಲ್ಲ! ಏಕೆಂದರೆ ಅಮೋನಿಯಕ್ಕೆ ನೀರಿನಲ್ಲಿ ಎರಡು ರೂಪಗಳುಂಟು. ಆಮ್ಲದ ಕಡೆಗಿರುವ ನೀರಿನಲ್ಲಿ ಅದು ಅಮೋನಿಯಂ ಎಂಬ ಸಾಧುವಾದ ರೂಪದಲ್ಲಿರುವುದು. ಕ್ಷಾರದ ಕಡೆಗೆ ತಿರುಗಿದಷ್ಟೂ ಅದು ಕಿವಿರನ್ನು ಸುಡುವ ವಿಷರೂಪವನ್ನು ತಾಳುವುದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ 6ರಲ್ಲಿ ವಿಷರೂಪವು ಹತ್ತು ಸಾವಿರದಲ್ಲಿ ಸುಮಾರು 6 ಪಾಲು. 7ರಲ್ಲಿ ಸಾವಿರದಲ್ಲಿ ಸುಮಾರು 6 ಪಾಲು. 8ರಲ್ಲಿ ನೂರರಲ್ಲಿ 5 ಪಾಲಿಗೂ ಮೇಲೆ.

ಆ ಹುಡುಗಿಯ ಪುಸ್ತಕಕ್ಕೆ ಈಗ ಬರಬಹುದು. ನೀರು ತೆಗೆಯುವ ಮೊದಲು ಆಕೆ ತೊಟ್ಟಿಯ ನೀರನ್ನು ಕಾಗದದ ಪಟ್ಟಿಯಿಂದ ಪರೀಕ್ಷಿಸಿ 6 ಎಂದು ಬರೆದಿದ್ದಳು. ಹೊಸ ನೀರು ತುಂಬಿದ ಮೇಲೆ 8 ಎಂದು ಬರೆದಿದ್ದಳು. ಕೆಳಗೆ, "ಸೋಪು ಉಪಯೋಗಿಸಿಲ್ಲ; ಬಕೆಟ್ಟು ವಿಜ್ಞಾನದ ಕೊಠಡಿಯದು" ಎಂದೂ ಬರೆದಿತ್ತು. ತಾರೀಖು, ಗಂಟೆ ಎಲ್ಲವೂ ಇದ್ದುವು. ನಾನೇ ಎಂಟನೆಯ ತರಗತಿಯಲ್ಲಿ ಆಕೆಗೆ ಕಲಿಸಿದ ಕ್ರಮವದು. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮೇಡಂ, ಎರಡು ಅಂಕೆ ಏರಿದೆ" ಎಂದಷ್ಟೇ ಹೇಳಿ ಹೋದಳು.

ಆ ರಾತ್ರಿ ನಾನು ಕುಳಿತು ಲೆಕ್ಕ ಹಾಕಿದೆನು. 6ರಿಂದ 8ಕ್ಕೆ ಏರಿದಾಗ ಅಮೋನಿಯದ ವಿಷಭಾಗವು ಸುಮಾರು ನೂರು ಪಾಲಿನಷ್ಟು ಹೆಚ್ಚುವುದು. ಅರ್ಧ ನೀರನ್ನು ತೆಗೆದುದರಿಂದ ಒಟ್ಟು ಅಮೋನಿಯವು ಅರ್ಧಕ್ಕೆ ಇಳಿದಿತ್ತು. ಹಾಗಾದರೂ ಉಳಿದ ವಿಷವು ಮೊದಲಿನದಕ್ಕಿಂತ ಐವತ್ತು ಪಾಲಿನಷ್ಟು! ರಜೆಯ ಎರಡು ತಿಂಗಳ ಆಹಾರದ ಕೊಳೆ ಆ ನೀರಿನಲ್ಲಿ ಸಾಧುವಾಗಿ ಮಲಗಿತ್ತು. ಅದನ್ನು ಎಬ್ಬಿಸಿದುದು ನನ್ನ ಅಪ್ಪಣೆಯ ಗಡಸು ನೀರು. ಹೊಲಸು ನೀರಿನಲ್ಲಿ ಬದುಕಿದ್ದ ಮೀನುಗಳು ತಿಳಿನೀರಿನಲ್ಲಿ ಸತ್ತುದರ ಮರ್ಮವಿದು. ಜವಾನನನ್ನು ದೂರುವಂತೆಯೂ ಇರಲಿಲ್ಲ. ಆತನಿಗೆ ಕ್ರಮ ಹೇಳಿಕೊಡಬೇಕಾಗಿದ್ದವಳು ನಾನು.

ಮರುದಿನ ಬೆಳಗಿನ ಪ್ರಾರ್ಥನೆಯ ಕೂಟದಲ್ಲಿ, ಯಾರ ಮುಂದೆ ಆಕೆಯ ಮೇಲೆ ತಪ್ಪು ಹೊರಿಸಿದ್ದೆನೋ ಅವರ ಮುಂದೆಯೂ ಉಳಿದ ಎಲ್ಲರ ಮುಂದೆಯೂ ತಪ್ಪು ನನ್ನದೆಂದು ಹೇಳಿ, ಆಕೆಯ ಕ್ಷಮೆ ಕೇಳಿದೆನು. ಅದು ಸುಲಭವಾಗಿತ್ತೆಂದು ಹೇಳಲಾರೆ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ "ಒಪ್ಪಿಕೊಳ್ಳಿರಿ" ಎಂದು ಹೇಳುತ್ತ ಬಂದವಳಿಗೆ ನಾಲಿಗೆ ಬಹಳ ಭಾರವಾಗಿತ್ತು. ಆಕೆಯ ಪುಸ್ತಕದ ಆ ಪುಟವನ್ನು ಕರಿಹಲಗೆಯ ಮೇಲೆ ಬರೆದು ಒಂಬತ್ತು ಹತ್ತನೆಯ ತರಗತಿಗಳಿಗೆ ಆ ದಿನದ ಪಾಠವನ್ನಾಗಿ ಮಾಡಿದೆವು.

ಇನ್ನು ಮನೆಯಲ್ಲಿ ಮಾಡಬೇಕಾದುದೇನು? ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯ ನೀರನ್ನು ಅಳೆದು ತಿಳಿಯಿರಿ. ಅನಂತರ ಆ ನೀರಿಗೆ ಒಗ್ಗುವ ಮೀನುಗಳನ್ನು ತನ್ನಿರಿ. ಲೋಕದಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುವರು. ಗಪ್ಪಿ, ಮೋಲಿ, ಪ್ಲಾಟಿ ಜಾತಿಗಳಿಗೆ 7ರಿಂದ 8ರ ಗಡಸು ನೀರು ಹಿತ. ಗೋಲ್ಡ್ ಫಿಷ್ ಮೀನಿಗೂ ಅದೇ ಸರಿ. ಆದರೆ ಅದಕ್ಕೆ ನೀರು ಬಹಳ ಬೇಕು. ನಿಯಾನ್ ಟೆಟ್ರಾ, ಡಿಸ್ಕಸ್ ಮೊದಲಾದವು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶದ ಮೆದುವಾದ, ಆಮ್ಲದ ಕಡೆಗಿರುವ ನೀರಿನವು. ಡಿಸ್ಕಸ್ಸಿಗೆ 6ರಿಂದ 6.5 ಬೇಕು. ಆಫ್ರಿಕದ ಮಲಾವಿ ಸರೋವರದ ಬಣ್ಣದ ಮೀನುಗಳಿಗೆ 7.8ರಿಂದ 8.6. ಡಿಸ್ಕಸ್ಸನ್ನೂ ಮಲಾವಿಯ ಮೀನನ್ನೂ ಒಂದೇ ತೊಟ್ಟಿಯಲ್ಲಿಟ್ಟು ಸಂಸಾರ ಮಾಡಿಸುವುದು ಯಾರಿಂದಲೂ ಆಗದು. ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿಯೇ ಹುಟ್ಟಿ, ಆ ಸೀಮೆಯ ಹೆಸರನ್ನೇ ಹೊತ್ತಿರುವ ಕೆನರಾ ಪರ್ಲ್‌ಸ್ಪಾಟ್ ಎಂಬ ಚುಕ್ಕೆಯ ಮೀನನ್ನು 1877ರಲ್ಲಿ ಫ್ರಾನ್ಸಿಸ್ ಡೇ ಎಂಬಾತನು ಮೊದಲು ವರ್ಣಿಸಿದನು. ಅದು ಹೊಳೆಯಲ್ಲಿಯೇ ಇರಲಿ, ಹಿಡಿದು ತರಬೇಡಿರೆಂದು ನಮ್ಮ ಕರಾವಳಿಯ ಮಕ್ಕಳಿಗೆ ಹೇಳುತ್ತೇನೆ.

ಮೀನಿನ ಪುಸ್ತಕಗಳಲ್ಲಿ ಬರೆದಿರುವ ಅಂಕೆಗಾಗಿ ಜೀವ ತೇಯಬೇಡಿರಿ. ಇಂದು 7.8, ನಾಳೆ 6.8, ನಾಡಿದ್ದು ಪುನಃ 7.8 ಆಗುವ ತೊಟ್ಟಿಗಿಂತ ವರ್ಷವಿಡೀ 7.8ರಲ್ಲಿ ನಿಂತ ತೊಟ್ಟಿಯು ಎಷ್ಟೋ ಮೇಲು. ಪಿಎಚ್ ಇಳಿಸಬೇಕೆಂದು ನಿಂಬೆಯ ರಸ, ಹುಣಿಸೆಯ ರಸ, ವಿನೆಗರ್ ಹಾಕುವವರನ್ನು ಕಂಡಿದ್ದೇನೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟು ಆ ಹುಳಿಯನ್ನು ನುಂಗಿ ಮಾರನೆಯ ದಿನ ಮೊದಲಿದ್ದಲ್ಲಿಗೇ ಬರುವುದು. ಅಷ್ಟರಲ್ಲಿ ಮೀನಿಗೆ ಎರಡು ಸಲ ಪೆಟ್ಟು ಬಿದ್ದಿರುವುದು. ಇಳಿಸಲೇಬೇಕಾದರೆ ಗಡಸು ನೀರಿಗೆ ಮಳೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರಸುತ್ತ ಕೆಲವು ವಾರಗಳಲ್ಲಿ ಇಳಿಸಬೇಕು. ನಾಡಬಾದಾಮಿಯ ಒಣಗಿದ ಎಲೆಗಳನ್ನು ಹಾಕುವ ಕ್ರಮವೂ ಇದೆ. ಅದು ನೀರನ್ನು ಚಹದ ಬಣ್ಣಕ್ಕೆ ತಿರುಗಿಸಿ, ಮೆದು ನೀರಿನಲ್ಲಿ ತುಸು ಆಮ್ಲವನ್ನೂ ಕೊಡುವುದು; ಗಡಸು ನೀರಿನಲ್ಲಿ ಬಣ್ಣವೇ ಲಾಭ.

ಏರಿಸುವುದು ಇಳಿಸುವುದಕ್ಕಿಂತ ಸುಲಭ. ಅಡುಗೆ ಸೋಡಾ 3 ಗ್ರಾಂ, ಎಂದರೆ ಸುಮಾರು ಅರ್ಧ ಚಹದ ಚಮಚ, 50 ಲೀಟರಿಗೆ ಹಾಕಿದರೆ ತಡೆಯುವ ಶಕ್ತಿಯು ಎರಡು ಡಿಗ್ರಿಯಷ್ಟು ಹೆಚ್ಚುವುದು. ಅದನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ, ಎರಡು ಮೂರು ದಿನಗಳಲ್ಲಿ ಹಂಚಿ ಹಾಕಬೇಕು. ಆದರೆ ನಮ್ಮ ಕಥೆಯನ್ನು ನೆನಪಿಡಿರಿ. ಬಹಳ ದಿನ ನೀರು ಬದಲಿಸದ ತೊಟ್ಟಿಗೆ ಸೋಡಾ ಸುರಿಯುವುದೂ ಗಡಸು ನೀರು ಸುರಿಯುವುದೂ ಒಂದೇ. ಅಂಥ ತೊಟ್ಟಿಯಲ್ಲಿ ಮೊದಲು ಆಹಾರವನ್ನು ನಿಲ್ಲಿಸಿ, ದಿನಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ನೀರನ್ನು ಬದಲಿಸುತ್ತ ಒಂದೆರಡು ವಾರ ಕಾದಿರಬೇಕು. ಮೆದು ನೀರಿನ ಊರುಗಳವರು ಒಂದು ಬಟ್ಟೆಯ ಚೀಲದಲ್ಲಿ ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಅವು ಬೇಕಾದಷ್ಟೇ ಕರಗುತ್ತ ಕಾಯುವುವು. ಇದರ ತಿರುವೂ ಉಂಟು. ಮಲ್ಪೆಯ ಕಡಲತೀರಕ್ಕೆ ಪ್ರವಾಸ ಹೋಗಿ ಬಂದ ಮಕ್ಕಳು ಅಂದಕ್ಕಾಗಿ ಬೊಗಸೆ ತುಂಬ ಚಿಪ್ಪುಗಳನ್ನು ತೊಟ್ಟಿಗೆ ಹಾಕಿ, ಪಿಎಚ್ ಏಕೆ ಏರುತ್ತಿದೆಯೆಂದು ತಿಂಗಳುಗಟ್ಟಲೆ ಆಶ್ಚರ್ಯಪಟ್ಟರು. ಯಾವ ಕಲ್ಲನ್ನಾದರೂ ತೊಟ್ಟಿಗೆ ಹಾಕುವ ಮೊದಲು ಅದರ ಮೇಲೆ ವಿನೆಗರ್ ಒಂದೆರಡು ಹನಿ ಬಿಟ್ಟು ನೋಡಿರಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ.

ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರನ್ನು ಬದಲಿಸುವುದೇ ಎಲ್ಲ ಔಷಧಗಳಿಗಿಂತ ಮೇಲಾದ ಔಷಧ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ಹಾಕಿರಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಬೆಳ್ಳಗೆ ಮಾಡುವುದು ಗೃಹಿಣಿಯ ಗುಣವಿರಬಹುದು, ಆದರೆ ಸೂಕ್ಷ್ಮಜೀವಿಗಳಿಗೆ ಅದು ಮರಣ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದನ್ನು ಹಿಂಡಿ ತೆಗೆದರೆ ಸಾಕು. ಅಂಗಡಿಯಿಂದ ತಂದ ಮೀನನ್ನು ಚೀಲದಿಂದ ನೇರವಾಗಿ ಸುರಿಯಬೇಡಿರಿ. ಚೀಲವನ್ನು ಸ್ವಲ್ಪ ಹೊತ್ತು ತೇಲಬಿಟ್ಟು, ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಅದಕ್ಕೆ ಸೇರಿಸುತ್ತ ಅರ್ಧ ಮುಕ್ಕಾಲು ಗಂಟೆ ಕಳೆದ ಮೇಲೆ ಮೀನನ್ನು ಮಾತ್ರ ಬಲೆಯಿಂದ ತೆಗೆದು ಬಿಡಿರಿ. ಆಹಾರವು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಇರಲಿ. ಹುಟ್ಟುಹಬ್ಬಕ್ಕೆಂದು ಕೊಡುವ ಆ ಗುಂಡಗಿನ ಗಾಜಿನ ಬುರುಡೆಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿರಿ. ಎರಡು ಮೂರು ಲೀಟರು ನೀರಿನಲ್ಲಿ ಒಂದು ಹಿಡಿ ಆಹಾರ ಹೆಚ್ಚಾದರೂ ಸಂಜೆಯೊಳಗೆ ನೀರು ಕೆಡುವುದು. ನೀರು ಹೆಚ್ಚಾದಷ್ಟೂ ಬದಲಾವಣೆಯು ನಿಧಾನ, ಮೀನಿಗೆ ಕ್ಷೇಮ.

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನಿಟ್ಟು ಅಭ್ಯಾಸ ಮಾಡುವ ಕ್ರಮವನ್ನು ಆರಂಭಿಸಿದವರು ಯಾರೆಂದು ವಿದ್ಯಾರ್ಥಿನಿಯರು ಕೇಳುವುದುಂಟು. 1794ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಹೊಲಿಗೆಯ ಕೆಲಸದಿಂದ ಜೀವನ ಆರಂಭಿಸಿ, ಮದುವೆಯಾದ ಮೇಲೆ ಸಿಸಿಲಿ ದ್ವೀಪದಲ್ಲಿ ನೆಲಸಿದ ಝಾನ್ ವಿಲ್ಪ್ರೊ ಪವರ್ ಎಂಬ ಹೆಂಗಸು ಆಕೆ. ಆರ್ಗೊನಾಟ್ ಎಂಬ ಕಡಲ ಜೀವಿಯು ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುವುದೋ ಬೇರೆ ಜೀವಿಯಿಂದ ಕದಿಯುವುದೋ ಎಂಬ ವಿವಾದವನ್ನು ತೀರಿಸಲೆಂದು 1832ರಲ್ಲಿ ಆಕೆ ಗಾಜಿನ ತೊಟ್ಟಿಗಳನ್ನು ಮಾಡಿಸಿ, ದಿನದಿನವೂ ನೋಡಿ ಬರೆದಿಟ್ಟು, ತಾನೇ ಕಟ್ಟಿಕೊಳ್ಳುವುದೆಂದು ಸಿದ್ಧಪಡಿಸಿದಳು. ಗಿಡ, ಮೀನು, ಬಸವನಹುಳು ಮೂರನ್ನೂ ಕೂಡಿಸಿ ನೀರನ್ನು ಸಮತೂಕದಲ್ಲಿಡುವ ವಿಧಾನವನ್ನು 1850ರಲ್ಲಿ ಇಂಗ್ಲೆಂಡಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞನು ಪ್ರಕಟಿಸಿದನು.

ನಮ್ಮ ತೊಟ್ಟಿಯಲ್ಲಿ ಈಗ ಟೆಟ್ರಾಗಳಿಲ್ಲ. ಕೊಳವೆಬಾವಿಯ ನೀರಿಗೆ ಒಗ್ಗುವ ಗಪ್ಪಿಗಳನ್ನೇ ಸಾಕುತ್ತಿದ್ದೇವೆ. ಆ ಹುಡುಗಿಯು 2023ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವಾಗ ತನ್ನ ಪುಸ್ತಕವನ್ನು ತೊಟ್ಟಿಯ ಪಕ್ಕದ ಮೊಳೆಗೆ ದಾರದಿಂದ ಕಟ್ಟಿ ಹೋದಳು. ಅದು ತುಂಬಿ ಈಗ ಮೂರನೆಯ ಪುಸ್ತಕವು ನಡೆಯುತ್ತಿದೆ. ರಜೆಯಲ್ಲಿ ಜವಾನನೇ ಬರೆಯುತ್ತಾನೆ. ಆತನ ಅಕ್ಷರ ದೊಡ್ಡದು, ಒಂದು ದಿನಕ್ಕೆ ಅರ್ಧ ಪುಟ ಹಿಡಿಯುವುದು. ಕಳೆದ ಸೋಮವಾರದ ಬರಹವು ಎಂಟನೆಯ ತರಗತಿಯ ಮಗುವಿನದು: "ಬೆಳಿಗ್ಗೆ 9 ಗಂಟೆ. ಪಿಎಚ್ 7.6. ಹನಿ 9. ನೀರು 20 ಲೀಟರು ಬದಲಿಸಿದೆ. ಬೂದು ಗಪ್ಪಿ ಮರಿ ಹಾಕಿದೆ, ಎಣಿಸಲು ಆಗಲಿಲ್ಲ."